ಚಹಾ ಬೆಟ್ಟದ ಅತಿಥಿಗಳು

(ಕನ್ನಡ ಕೂಟದ ವಿಶೇಷ ಉಪನ್ಯಾಸ ಕಾರ್ಯಕ್ರಮದಲ್ಲಿ ನೀಡಿದ ಭಾಷಣದ ಪಠ್ಯ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲುಗಳ ಮಾತೆತ್ತಿ ಊಟಕ್ಕೆ ಮುಂಚೆಯೇ ಎಲ್ಲರ ಹಸಿವನ್ನು ಕೆಡಿಸುತ್ತಾನೆಂಬ ಭಯ ಸಹಜವಾದದ್ದು. ಇಂದು ಆ ಭಯ ಬೇಡ. ಜಪಾನಿನ ಚಹಾ ಸೀಮೆಯೊಂದರಲ್ಲಿ ಕೆಲವು ದಿನ ಕಳೆದ ಅನುಭವವನ್ನೂ, ಅಲ್ಲಿ ಹಕ್ಕಾ ಎಂಬ ಜನಾಂಗದ ಒಂದು ಮನೆಯಲ್ಲಿ ಕಂಡದ್ದನ್ನೂ ತಮ್ಮೊಡನೆ ಹಂಚಿಕೊಳ್ಳಲು ಬಂದಿದ್ದೇನೆ. ಮೇಲುನೋಟಕ್ಕೆ ಇದು ಪ್ರವಾಸ ಕಥನ. ಆದರೆ ಪರದೇಶದಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮಂಥವರು ಕೇಳಿಕೊಳ್ಳಲೇಬೇಕಾದ ಒಂದು ಪ್ರಶ್ನೆ ಇದರೊಳಗಿದೆ: ಅತಿಥಿಯಾಗಿ ಬಂದವನು ಮನೆಯವನಾಗುವುದು ಹೇಗೆ? ಮನೆಯವನಾದ ಮೇಲೆ ಅವನ ತನ್ನತನದಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ?

'ಹಕ್ಕಾ' ಎಂಬ ಪದ ನಮಗೇನೂ ಹೊಸದಲ್ಲ. ಬೆಂಗಳೂರಿನ ಚೈನೀಸ್ ಹೋಟೆಲುಗಳ ತಿಂಡಿಪಟ್ಟಿಯಲ್ಲಿ 'ವೆಜ್ ಹಕ್ಕಾ ನೂಡಲ್ಸ್' ಇದ್ದೇ ಇರುತ್ತದೆ. ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ ಅಜ್ಜಿ ಮಾಡಿದ ಅಕ್ಕಿರೊಟ್ಟಿಯನ್ನು ಬಿಟ್ಟು ಅದನ್ನೇ ಕೇಳುವುದೂ ಉಂಟು. ಆದರೆ ಹಕ್ಕಾ ಎಂದರೆ ಅಡುಗೆಯ ಒಂದು ಬಗೆಯಲ್ಲ, ಒಂದು ಜನಾಂಗ. ಕಲ್ಕತ್ತೆಯ ಟಾಂಗ್ರಾ ಬಡಾವಣೆಯಲ್ಲಿ ಚರ್ಮ ಹದಮಾಡುವ ಕಸುಬಿನಲ್ಲಿ ತೊಡಗಿದ್ದ ಚೀನೀ ಕುಟುಂಬಗಳು ಬಹುಪಾಲು ಈ ಜನಾಂಗದವು. ಅವರ ಹೆಸರು ಅವರ ಅಡುಗೆಯ ಜೊತೆ ಭಾರತದ ಊರೂರಿಗೂ ಹಬ್ಬಿತು. 1962ರ ಯುದ್ಧದ ಸಮಯದಲ್ಲಿ ಭಾರತದಲ್ಲೇ ಹುಟ್ಟಿ ಬೆಳೆದಿದ್ದ ಚೀನೀ ಮೂಲದವರನ್ನು ಸಾವಿರಾರು ಸಂಖ್ಯೆಯಲ್ಲಿ ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಇರಿಸಲಾಯಿತು. ಆ ಬಳಿಕ ಅನೇಕ ಹಕ್ಕಾ ಕುಟುಂಬಗಳು ಕೆನಡಾದ ಟೊರಾಂಟೊ ಮೊದಲಾದ ಊರುಗಳಿಗೆ ಮತ್ತೆ ವಲಸೆ ಹೋದವು. ಜನ ಹೊರಟುಹೋದರು, ನೂಡಲ್ಸ್ ಉಳಿಯಿತು. ಈ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹಕ್ಕಾ ಎಂಬ ಹೆಸರಿನ ಅರ್ಥವೇ 'ಅತಿಥಿ ಕುಟುಂಬ'. ಚೀನೀ ಲಿಪಿಯಲ್ಲಿ ಅದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಅತಿಥಿ, ಎರಡನೆಯದು ಮನೆ. ಜಪಾನಿನ ಅಂಗಡಿಗಳಲ್ಲಿ ಗಿರಾಕಿಗಳನ್ನು 'ಓಕ್ಯಾಕುಸಾನ್' ಎಂದು ಬಾಗಿ ಕರೆಯುವಾಗ ಬಳಸುವ ಅಕ್ಷರವೂ ಆ ಮೊದಲನೆಯದೇ. ಈ ಜನರ ಪೂರ್ವಿಕರು ಉತ್ತರ ಚೀನಾದ ಬಯಲು ಸೀಮೆಯವರು. ಯುದ್ಧ, ಕ್ಷಾಮಗಳ ಕಾರಣದಿಂದ ಶತಮಾನಗಳ ಅವಧಿಯಲ್ಲಿ ತಂಡತಂಡವಾಗಿ ದಕ್ಷಿಣಕ್ಕೆ ಸರಿದು ಬಂದವರು. ಹಾಗೆ ಬರುವಷ್ಟರಲ್ಲಿ ಫಲವತ್ತಾದ ಕಣಿವೆಗಳೆಲ್ಲ ಸ್ಥಳೀಯರ ವಶದಲ್ಲಿದ್ದವು. ಅತಿಥಿಗಳಿಗೆ ದಕ್ಕಿದ್ದು ಗ್ವಾಂಗ್‌ಡಾಂಗ್, ಫುಜಿಯಾನ್, ಜಿಯಾಂಗ್‌ಷಿ ಪ್ರಾಂತಗಳ ಗುಡ್ಡಗಾಡು. ಬೆಟ್ಟವಿದ್ದಲ್ಲಿ ಹಕ್ಕಾ ಇರುತ್ತಾನೆಂಬ ಗಾದೆಯೇ ಅವರಲ್ಲಿದೆ. ಬೆಟ್ಟದಲ್ಲಿ ಬೆಳೆಯಬಹುದಾದದ್ದು ಗೆಣಸು ಮತ್ತು ಚಹಾ. ಗಂಡಸರ ಸಮಕ್ಕೆ ಹೆಂಗಸರೂ ಇಳಿಜಾರಿನಲ್ಲಿ ದುಡಿಯಬೇಕಾಗಿದ್ದುದರಿಂದ, ಚೀನಾದ ಇತರ ಕಡೆ ರೂಢಿಯಲ್ಲಿದ್ದ ಪಾದ ಕಟ್ಟುವ ಕ್ರೂರ ಪದ್ಧತಿ ಇವರಲ್ಲಿ ಬೆಳೆಯಲಿಲ್ಲ. ಅತಿಥಿ ಎಂಬ ಹೆಸರಿದ್ದ ಮಾತ್ರಕ್ಕೆ ಆತಿಥ್ಯವೇನೂ ಸಿಗಲಿಲ್ಲ. 1855ರಿಂದ 1867ರವರೆಗೆ ಗ್ವಾಂಗ್‌ಡಾಂಗ್‌ನಲ್ಲಿ ಸ್ಥಳೀಯರಿಗೂ ಇವರಿಗೂ ನಡೆದ ಕಾಳಗಗಳಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಫುಜಿಯಾನ್ ಬೆಟ್ಟಗಳಲ್ಲಿ ಮಣ್ಣಿನ ದಪ್ಪ ಗೋಡೆಯ, ಕೋಟೆಯಂಥ ದುಂಡು ವಠಾರಗಳಿವೆ. 2008ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹಕ್ಕಾ ಕುಲಗಳು ಒಂದೇ ಸೂರಿನಡಿ ನೂರಾರು ಜನರಾಗಿ ಬದುಕಿದ್ದು ಸೊಬಗಿಗಲ್ಲ, ರಕ್ಷಣೆಗೆ.

ಇನ್ನು ನನ್ನ ಪ್ರವಾಸದ ವಿಷಯ. ಎಂ.ಬಿ.ಬಿ.ಎಸ್. ಮುಗಿಸಿ ನಾನು ಪರದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ನನ್ನೊಡನೆ ರಾತ್ರಿ ಪಾಳಿ ಮಾಡುತ್ತಿದ್ದ ಸಹಪಾಠಿಯೊಬ್ಬರಿದ್ದರು. ಜಪಾನಿನಲ್ಲಿ ಹುಟ್ಟಿದವರು, ಆದರೆ ಅವರ ತಂದೆತಾಯಿಗಳು ತೈವಾನಿನ ಮಿಯಾಲಿ ಸೀಮೆಯ ಹಕ್ಕಾ ಜನ. ತೈವಾನ್ 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಅಲ್ಲಿನ ಬುದ್ಧಿವಂತ ಹುಡುಗರು ವೈದ್ಯಕೀಯ ಕಲಿಯಲು ಜಪಾನಿಗೆ ಹೋಗುವುದು ವಾಡಿಕೆಯಾಗಿತ್ತು. ಕೆಲವರು ಅಲ್ಲೇ ನಿಂತರು, ಮುಂದೆಯೂ ಜನ ಬರುತ್ತಲೇ ಇದ್ದರು. ಇಂದು ಟೋಕಿಯೊ, ಒಸಾಕಾ ನಗರಗಳಲ್ಲಿ ನಮ್ಮ ಕನ್ನಡ ಕೂಟಗಳಂತೆಯೇ ಹಕ್ಕಾ ಸಂಘಗಳಿವೆ. ನನ್ನ ಮಿತ್ರರು ಈಗ ಷಿಜುವೊಕಾ ಪ್ರಾಂತದಲ್ಲಿ ವೈದ್ಯರು. ಹೊಸ ಚಿಗುರಿನ ಕಾಲಕ್ಕೆ ಬರಬೇಕೆಂದು ಅವರು ಆಗ್ರಹ ಮಾಡಿದ್ದರಿಂದ ಮೇ ತಿಂಗಳ ಮೊದಲ ವಾರದಲ್ಲಿ ನಾನು ಅಲ್ಲಿದ್ದೆ. ವಸಂತಾರಂಭದಿಂದ ಎಣಿಸಿ ಎಂಬತ್ತೆಂಟನೆಯ ದಿನ ಕಿತ್ತ ಚಹಾ ಅತ್ಯಂತ ಶ್ರೇಷ್ಠವೆಂದು ಜಪಾನೀಯರ ನಂಬಿಕೆ; ಅದು ಬೀಳುವುದು ಆ ವಾರದಲ್ಲೇ.

ನಾವು ತಂಗಿದ್ದು ಮಾಕಿನೊಹಾರ ಎಂಬ ಪ್ರಸ್ಥಭೂಮಿಯಲ್ಲಿ, ಚಹಾ ತೋಟಗಳ ನಡುವಿನ ಒಂದು ಅತಿಥಿಗೃಹದಲ್ಲಿ. ಸಕಲೇಶಪುರದ ಕಾಡುಮನೆ, ಚಿಕ್ಕಮಗಳೂರಿನ ಕೆಳಗೂರುಗಳ ಚಹಾ ತೋಟ ನೋಡಿದವರಿಗೆ ಅಲ್ಲಿನ ನೆರಳುಮರಗಳು, ಏರುಪೇರಿನ ಗುಡ್ಡಗಳು ನೆನಪಿರಬಹುದು. ಮಾಕಿನೊಹಾರ ಹಾಗಲ್ಲ. ಸುಮಾರು 5,000 ಹೆಕ್ಟೇರಿನ ಸಮತಟ್ಟಾದ ಎತ್ತರದ ಬಯಲು. ಬಾಚಣಿಗೆಯಲ್ಲಿ ಬಾಚಿದಂತೆ ದುಂಡಗೆ ಕತ್ತರಿಸಿದ ಹಸಿರು ಸಾಲುಗಳು. ಆಕಾಶ ತಿಳಿಯಾದರೆ ದೂರದಲ್ಲಿ ಫೂಜಿ ಪರ್ವತ. ಸಾಲುಗಳ ನಡುವೆ ಎತ್ತರದ ಕಂಬಗಳು, ಅವುಗಳ ತುದಿಯಲ್ಲಿ ವಿದ್ಯುತ್ ಪಂಖಗಳು. ತೋಟಕ್ಕೆ ಪಂಖ ಏಕೆಂದು ಕೇಳಿದೆ. ವಸಂತದ ತಂಪು ರಾತ್ರಿಗಳಲ್ಲಿ ನೆಲದ ಬಳಿ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಾದರೂ ಹತ್ತಿಪ್ಪತ್ತು ಅಡಿ ಮೇಲೆ ಸ್ವಲ್ಪ ಬೆಚ್ಚಗಿರುತ್ತದೆ. ಆ ಬೆಚ್ಚನೆಯ ಗಾಳಿಯನ್ನು ಕೆಳಕ್ಕೆ ಬೀಸಿ ಎಳೆಯ ಚಿಗುರನ್ನು ಕಾಪಾಡುವುದಂತೆ. ಚಳಿಗಾಲಕ್ಕೆ ಮುಂಚೆ ಸುತ್ತಲ ಹುಲ್ಲುಗಾವಲಿನ ಹುಲ್ಲನ್ನು ಕೊಯ್ದು ಗಿಡದ ಬುಡಕ್ಕೆ ಹೊದಿಸುವ ಹಳೆಯ ಪದ್ಧತಿಯೂ ಈ ಪ್ರಾಂತದಲ್ಲಿದೆ. ನಮ್ಮ ಮಲೆನಾಡಿನ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟವಿದ್ದಂತೆ ಅಲ್ಲಿಯ ಚಹಾಕ್ಕೆ ಹುಲ್ಲಿನ ಬೆಟ್ಟ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರಲ್ಲಿ ಇದನ್ನು ವಿಶ್ವದ ಪ್ರಮುಖ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು.

ಜಪಾನಿನಲ್ಲಿ ಚಹಾ ತಾನೇ ಒಬ್ಬ ಅತಿಥಿ. ಎಯ್ಸಾಯ್ ಎಂಬ ಬೌದ್ಧ ಭಿಕ್ಷು 1191ರಲ್ಲಿ ಚೀನಾದಿಂದ ಮರಳುವಾಗ ಚಹಾ ಬೀಜಗಳನ್ನು ತಂದನೆಂದು ಪ್ರಸಿದ್ಧಿ. ಬಾಬಾ ಬುಡನ್‌ಗಿರಿಗೆ ಏಳು ಕಾಫಿ ಬೀಜಗಳು ಬಂದ ಕಥೆಯನ್ನು ಬಲ್ಲ ನಮಗೆ ಇದರ ಸ್ವಾರಸ್ಯ ಬೇಗ ತಿಳಿಯುತ್ತದೆ. ಎಯ್ಸಾಯ್ 1211ರಲ್ಲಿ 'ಕಿಸ್ಸಾ ಯೋಜೋಕಿ' ಎಂಬ ಗ್ರಂಥ ಬರೆದ; ಚಹಾ ಸೇವನೆಯಿಂದ ಆರೋಗ್ಯ ರಕ್ಷಣೆ ಎಂಬುದು ಅದರ ವಸ್ತು. ದೇಹದ ಐದು ಅಂಗಗಳಿಗೆ ಐದು ರುಚಿಗಳು ಬೇಕು, ಹೃದಯಕ್ಕೆ ಬೇಕಾದದ್ದು ಕಹಿ, ಜಪಾನೀಯರ ಊಟದಲ್ಲಿ ಕಹಿ ಇಲ್ಲ, ಆದ್ದರಿಂದ ಚಹಾ ಕುಡಿಯಬೇಕು ಎಂಬುದು ಆತನ ವಾದ. 1214ರಲ್ಲಿ ಶೋಗನ್ ಸಾನೆತೊಮೊ ಹಿಂದಿನ ರಾತ್ರಿಯ ಮದ್ಯದ ಅಮಲಿನಿಂದ ಬಳಲುತ್ತಿದ್ದಾಗ ಎಯ್ಸಾಯ್ ಒಂದು ಬಟ್ಟಲು ಚಹಾವನ್ನೂ ಜೊತೆಗೆ ತನ್ನ ಪುಸ್ತಕವನ್ನೂ ಒಪ್ಪಿಸಿದನೆಂದು ಅಂದಿನ ದಾಖಲೆಯಲ್ಲಿದೆ. ಔಷಧಿಯ ಜೊತೆಗೆ ಉಪದೇಶವನ್ನೂ ಕೊಡುವುದು ವೈದ್ಯರ ಹಳೆಯ ಚಾಳಿ!

ಆ ಚಾಳಿಯಂತೆ ನಾನೂ ಎರಡು ಮಾತು ಹೇಳಿಬಿಡುತ್ತೇನೆ. ಉತ್ತರ ಜಪಾನಿನಲ್ಲಿ ಸುಮಾರು 40,000 ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಹಸಿರು ಚಹಾ ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾವು ಕಡಿಮೆಯೆಂದು ಕಂಡುಬಂದಿತು; ಕ್ಯಾನ್ಸರಿನ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಚಹಾ ಒಳ್ಳೆಯ ಪಾನೀಯ, ಸಂಜೀವಿನಿಯಲ್ಲ. ಎರಡನೆಯದು, ಚಹಾದ ಒಗರು ಸಸ್ಯಾಹಾರದಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ನಮ್ಮ ಸಸ್ಯಾಹಾರಿ ತಾಯಂದಿರು, ಹೆಣ್ಣುಮಕ್ಕಳು ಊಟದ ಜೊತೆಗೆ ಚಹಾ ಕುಡಿಯದೆ ಒಂದು ಗಂಟೆ ಬಿಟ್ಟು ಕುಡಿಯುವುದು ಲೇಸು. ಇಷ್ಟಕ್ಕೆ ವೈದ್ಯನನ್ನು ಕೂರಿಸಿ ಮತ್ತೆ ಬೆಟ್ಟಕ್ಕೆ ಹೋಗೋಣ.

ಮಾಕಿನೊಹಾರ ಒಂದೂವರೆ ಶತಮಾನದ ಹಿಂದೆ ನೀರಿಲ್ಲದ ಬರಡು ಬಯಲಾಗಿತ್ತು. ಅದನ್ನು ಹಸಿರು ಮಾಡಿದವರು ರೈತರಲ್ಲ, ಕತ್ತಿ ಹಿಡಿದ ಸಮುರಾಯ್‌ಗಳು. 1867ರಲ್ಲಿ ಕೊನೆಯ ಶೋಗನ್ ತೊಕುಗಾವಾ ಯೋಷಿನೊಬು ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದ. ಮರುವರ್ಷ ಆತ ಷಿಜುವೊಕಾಗೆ ಬಂದಾಗ ಅಂಗರಕ್ಷಕ ಪಡೆಯೂ ಹಿಂಬಾಲಿಸಿ ಬಂತು. 1869ರಲ್ಲಿ ಹಳೆಯ ಸಂಸ್ಥಾನ ವ್ಯವಸ್ಥೆ ಕುಸಿದಾಗ ಅವರಿಗೆ ಕಾಯಲು ಒಡೆಯನಿಲ್ಲ, ಪಡೆಯಲು ಸಂಬಳವಿಲ್ಲ. ಚೂಜೊ ಕಾಗೆಯಾಕಿ ಎಂಬ ನಾಯಕನ ನೇತೃತ್ವದಲ್ಲಿ ಸುಮಾರು ಇನ್ನೂರು ಜನ ಈ ಬರಡು ಬೆಟ್ಟವನ್ನು ಕೇಳಿ ಪಡೆದು ಗುದ್ದಲಿ ಹಿಡಿದರು. ಅತ್ತ ಓಯಿ ನದಿಯ ದಡದಲ್ಲಿ ಇನ್ನೊಂದು ವರ್ಗ ಅನ್ನ ಕಳೆದುಕೊಂಡಿತ್ತು. ಶೋಗನ್ನರ ಕಾಲದಲ್ಲಿ ಆ ನದಿಗೆ ಸೇತುವೆಯಾಗಲಿ ದೋಣಿಯಾಗಲಿ ಕೂಡದೆಂಬ ನಿಯಮವಿದ್ದು, ಪ್ರಯಾಣಿಕರನ್ನು ಹೆಗಲ ಮೇಲೆ ಹೊತ್ತು ದಾಟಿಸುವ ಆಳುಗಳು ನೂರಾರು ಮಂದಿ ಇದ್ದರು. 1870ರಲ್ಲಿ ಆ ನಿಯಮ ಹೋಯಿತು, ಕೆಲಸವೂ ಹೋಯಿತು. ಅವರಲ್ಲಿ ಹಲವು ಕುಟುಂಬಗಳು ಮರುವರ್ಷ ಇದೇ ಬೆಟ್ಟಕ್ಕೆ ಬಂದು ನೆಲ ಕಡಿದವು. ನಿನ್ನೆಯವರೆಗೆ ಬೇರೆ ಬೇರೆ ಅಂತಸ್ತಿನಲ್ಲಿದ್ದ ಎರಡು ವರ್ಗದವರು, ಕತ್ತಿಯವರೂ ಹೊರೆಯವರೂ, ಒಂದೇ ಬೆಟ್ಟದ ಅತಿಥಿಗಳಾದರು.

1873ರಲ್ಲಿ ಮೊದಲ ಚಿಗುರು ಕಿತ್ತರು. 1879ರಲ್ಲಿ ಓಯಿ ನದಿಗೆ ಅಡ್ಡಲಾಗಿ ಹೊರೈ ಎಂಬ ಮರದ ಕಾಲುಸೇತುವೆ ಎದ್ದಿತು. ಚಹಾ ಬೆಳೆಗಾರರು ಶಿಮಾದಾ ಊರಿಗೂ ತೋಟಕ್ಕೂ ಓಡಾಡಲು ಅದೇ ದಾರಿಯಾಯಿತು. 897.4 ಮೀಟರ್ ಉದ್ದದ ಆ ಸೇತುವೆ ಪಾದಚಾರಿಗಳ ಮರದ ಸೇತುವೆಗಳಲ್ಲಿ ಜಗತ್ತಿನಲ್ಲೇ ಉದ್ದವಾದದ್ದೆಂದು 1997ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ನಾನೂ ಅದರ ಮೇಲೆ ನಡೆದೆ. ಕೈಪಿಡಿ ಮೊಳಕಾಲೆತ್ತರಕ್ಕಿಂತ ಹೆಚ್ಚೇನೂ ಇಲ್ಲವಾದ್ದರಿಂದ ದೃಶ್ಯಕ್ಕಿಂತ ಕಾಲಡಿಯ ಹಲಗೆಯನ್ನೇ ಹೆಚ್ಚು ನೋಡಿದೆ. ಚೂಜೊಗೆ ಮುಂದೆ ಸರಕಾರದಲ್ಲಿ ದೊಡ್ಡ ಹುದ್ದೆಯ ಆಹ್ವಾನ ಬಂದಾಗ, ಬೆಟ್ಟ ಹತ್ತಿದ ಮೇಲೆ ಚಹಾ ಗಿಡಕ್ಕೆ ಗೊಬ್ಬರವಾಗುವುದೇ ತನ್ನ ಪಾಲು ಎಂದು ನಿರಾಕರಿಸಿದನೆಂಬ ಪ್ರತೀತಿಯಿದೆ. 1896ರಲ್ಲಿ ತೀರಿಕೊಳ್ಳುವ ತನಕ ಆತ ಸಮುರಾಯ್ ಜುಟ್ಟನ್ನು ಮಾತ್ರ ಕತ್ತರಿಸಲಿಲ್ಲವಂತೆ.

ಈ ಸೀಮೆಗೂ ನಮ್ಮ ದೇಶಕ್ಕೂ ನಂಟಿದೆಯೆಂಬುದು ನನಗೆ ಸಂತೋಷ ತಂದ ಸಂಗತಿ. ತಾದಾ ಮೊತೊಕಿಚಿ ಎಂಬ ಇನ್ನೊಬ್ಬ ಮಾಜಿ ಸಮುರಾಯ್ ಷಿಜುವೊಕಾದ ಮಾರಿಕೊ ಎಂಬಲ್ಲಿ ಚಹಾ ಬೆಳೆಯುತ್ತಿದ್ದ. ಕೆಂಪು ಚಹಾ ತಯಾರಿಕೆ ಕಲಿತು ಬರಲು ಜಪಾನ್ ಸರಕಾರ ಆತನನ್ನು 1876ರಲ್ಲಿ ಭಾರತಕ್ಕೆ ಕಳಿಸಿತು. ಆತ ಡಾರ್ಜಿಲಿಂಗ್, ಅಸ್ಸಾಂಗಳನ್ನು ಸುತ್ತಿ ಬೀಜಗಳನ್ನು ತಂದ. ಆ ಬೀಜಗಳ ಸಂತತಿಯಿಂದ 'ಬೆನಿಹೊಮಾರೆ' ಎಂಬ ತಳಿ, ಅದಕ್ಕೆ ಡಾರ್ಜಿಲಿಂಗ್ ಮೂಲದ ಇನ್ನೊಂದು ತಳಿಯನ್ನು ಬೆರೆಸಿ 1993ರಲ್ಲಿ 'ಬೆನಿಫೂಕಿ' ಎಂಬ ತಳಿ ಬಂದವು. ಭಾರತದ ರಕ್ತವುಳ್ಳ ಆ ಗಿಡ ಈಗ ಅಪ್ಪಟ ಜಪಾನೀ ಪ್ರಜೆ. ಗಿಡಕ್ಕೆ ಅತಿಥಿಯಿಂದ ಮನೆಯವನಾಗಲು ಬೇಕಾದದ್ದು ಬೇರು ಮಾತ್ರ. ಮನುಷ್ಯನಿಗೆ ಅಷ್ಟು ಸಾಲದು.

ಅತಿಥಿಗೃಹದಲ್ಲಿ ಪ್ರವಾಸಿಗರಿಗೆ ಎಲ್ಲ ಏರ್ಪಾಡೂ ಇತ್ತು. ನೀಲಿ ಚುಕ್ಕೆಯ ಹತ್ತಿ ಅಂಗಿ ತೊಡಿಸಿ, ಸೊಂಟಕ್ಕೆ ಬುಟ್ಟಿ ಕಟ್ಟಿ, ಎರಡು ಎಲೆ ಒಂದು ಮೊಗ್ಗು ಕೀಳುವುದನ್ನು ಕಲಿಸಿದರು. ಬಿಸಿ ಮಣೆಯ ಮೇಲೆ ಎಲೆಯನ್ನು ಗಂಟೆಗಟ್ಟಲೆ ಅಂಗೈಯಲ್ಲಿ ಹೊಸೆದು ಸೂಜಿಯಂತೆ ಮಾಡುವ ಹಳೆಯ ಕಸುಬನ್ನು ಮುದುಕರೊಬ್ಬರು ತೋರಿಸಿದರು. ಎಳೆ ಚಿಗುರಿನ ತೆಂಪುರಾ, ಅಂದರೆ ನಮ್ಮ ಬಜ್ಜಿ, ಬಡಿಸಿದರು. ಆ ತೆಂಪುರಾ ಕೂಡ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬಂದ ಅತಿಥಿಯೇ. ಎಲ್ಲವೂ ಚೊಕ್ಕಟ, ಎಲ್ಲವೂ ರುಚಿ. ಇದೇ ಸಂಸ್ಕೃತಿಯ ದರ್ಶನವೆಂದು ತೃಪ್ತಿಪಟ್ಟು ಮರಳಿಬಿಡಬಹುದಿತ್ತು. ಆದರೆ ಎರಡು ದಿನದ ಬಳಿಕ ಮಿತ್ರರ ಮನೆಯಲ್ಲಿ ಕಂಡದ್ದು ಬೇರೆ.

ಮಿತ್ರರ ತಾಯಿಗೆ ಎಂಬತ್ತೆಂಟು ವರ್ಷ. ನಾಲ್ಕೈದು ವರ್ಷಗಳಿಂದ ಆಕೆಗೆ ಡಿಮೆನ್ಷಿಯಾ, ನಾವು ಅರಳುಮರಳು ಎನ್ನುವ ಮರೆವಿನ ಕಾಯಿಲೆ. ನಾನು ಹೋದ ದಿನ ಸೊಸೆ ಆಕೆಯ ಮುಂದೆ ಒಳಗೋಡೆಯಲ್ಲಿ ಗೀರುಗಳಿರುವ ಮಣ್ಣಿನ ಬಟ್ಟಲನ್ನೂ ಸೀಬೆ ಮರದ ಉದ್ದನೆಯ ಕಡ್ಡಿಯನ್ನೂ ಇಟ್ಟರು. ಚಹಾ ಎಲೆ, ಕಡಲೆಕಾಯಿ ಬೀಜ, ಎಳ್ಳು, ಕುಂಬಳ ಬೀಜಗಳನ್ನು ಹಾಕಿದರು. ಯಾವ ದಿನ, ಯಾವ ಊರು ಎಂಬುದು ತಿಳಿಯದ ಆ ತಾಯಿಯ ಕೈ ತಾನಾಗಿ ಚಲಿಸತೊಡಗಿತು. ಕಡ್ಡಿಯ ಬುಡವನ್ನು ಗೀರುಗಳ ಮೇಲೆ ಸುತ್ತುತ್ತ, ಎಳ್ಳಿನ ಎಣ್ಣೆ ಬಿಡುವ ತನಕ, ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಅರೆದರು. ಅದಕ್ಕೆ ಬಿಸಿನೀರು ಹೊಯ್ದು ಮಂಡಕ್ಕಿಯಂಥ ಅರಳಕ್ಕಿ ಉದುರಿಸಿ ಕೊಟ್ಟರು. ಹಕ್ಕಾ ಜನರ 'ಲೇಯ್ ಚಾ', ಅರೆದ ಚಹಾ. ಎಳ್ಳುಂಡೆಯನ್ನು ಚಹಾದಲ್ಲಿ ಕದಡಿದಂಥ ರುಚಿ. ನೆನಪು ಹೋದರೂ ಕೈಯ ಕಸುಬು ಬಹುಕಾಲ ಉಳಿಯುವುದು ಈ ಕಾಯಿಲೆಯ ಗುಣ. ಮಿದುಳಿನಲ್ಲಿ ಆ ಎರಡರ ನೆಲೆಗಳು ಬೇರೆ ಬೇರೆ.

ಬಟ್ಟಲನ್ನು ನನ್ನ ಮುಂದಿಟ್ಟು ಆಕೆ ಏನೋ ಕೇಳಿದರು. ಉತ್ತರಕ್ಕಾಗಿ ನನ್ನ ಮುಖ ನೋಡಿದರು, ಆಮೇಲೆ ಮಗನ ಮುಖ, ಆಮೇಲೆ ಮೊಮ್ಮಗಳ ಮುಖ. ಯಾರಿಗೂ ಅರ್ಥವಾಗಲಿಲ್ಲ. ಆಕೆ ಕೇಳಿದ್ದು ಹಕ್ಕಾ ಭಾಷೆಯಲ್ಲಿ. ಐವತ್ತು ವರ್ಷಕ್ಕೂ ಮಿಗಿಲಾಗಿ ಜಪಾನೀ ಭಾಷೆಯಲ್ಲಿ ಸಂಸಾರ ನಡೆಸಿದ್ದ ಆಕೆ ಈಗ ಅದನ್ನು ಪದಪದವಾಗಿ ಕಳೆದುಕೊಂಡು ಬಾಲ್ಯದ ಮಾತಿಗೆ ಮರಳುತ್ತಿದ್ದಾರೆ. ವಲಸೆ ಬಂದ ವೃದ್ಧರಲ್ಲಿ ಇದು ವೈದ್ಯರು ಆಗಾಗ ಕಾಣುವ ಸಂಗತಿ: ಕೊನೆಗೆ ಕಲಿತದ್ದು ಮೊದಲು ಹೋಗುತ್ತದೆ, ಮೊದಲು ಕಲಿತದ್ದು ಕೊನೆಯವರೆಗೆ ನಿಲ್ಲುತ್ತದೆ. ಶಾಲೆಯಲ್ಲಿ ಯಾರೂ ಬೆರಳು ಮಾಡಿ ತೋರಿಸಬಾರದೆಂದು ಆಕೆ ಮಕ್ಕಳೊಡನೆ ಜಪಾನೀ ಭಾಷೆಯನ್ನೇ ಆಡಿ ಬೆಳೆಸಿದ್ದರು. ಅಂದಿಗೆ ಅದು ತಾಯಿಯ ಪ್ರೀತಿಯೇ. ಇಂದು ಆ ಮಗ ಐವತ್ತು ದಾಟಿದ ವಯಸ್ಸಿನಲ್ಲಿ ಒಂದು ಸಣ್ಣ ಪುಸ್ತಕವನ್ನು ತಾಯಿಯ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಹಕ್ಕಾ ಪದಗಳನ್ನು ಬರೆದುಕೊಳ್ಳುತ್ತಾರೆ. ನೀರು, ಚಳಿ, ಹಸಿವು, ಅಮ್ಮ. ದಿನಕ್ಕೆ ಹತ್ತಾರು ರೋಗಿಗಳಿಗೆ 'ಎಲ್ಲಿ ನೋವು' ಎಂದು ಕೇಳುವ ವೈದ್ಯರು ಅವರು. ಹೆತ್ತ ತಾಯಿಗೆ ಆ ಪ್ರಶ್ನೆ ಕೇಳಲು ಮೊದಲ ಪಾಠದಿಂದ ಆರಂಭಿಸಬೇಕಾಗಿ ಬಂದಿದೆ.

ಪಿತ್ರಾರ್ಜಿತ ಹೊಲವನ್ನು ಬೇಕಾದರೆ ಮಾರು, ಪಿತೃಗಳ ಮಾತನ್ನು ಮರೆಯಬೇಡ ಎಂಬ ಅರ್ಥದ ಗಾದೆ ಹಕ್ಕಾ ಜನರದ್ದು. ಇಂಥ ಗಾದೆಯುಳ್ಳವರ ಮನೆಯಲ್ಲೇ ಹೀಗಾಯಿತು. ಅವರ ತಾಯ್ನೆಲದಲ್ಲಿ ಏನಾಯಿತೆಂಬುದೂ ತಿಳಿಯತಕ್ಕದ್ದು. ತೈವಾನಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಜನ ಹಕ್ಕಾ ಮೂಲದವರು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಶಾಲೆಗಳಲ್ಲಿ ಮ್ಯಾಂಡರಿನ್ ಒಂದೇ ನಡೆಯಬೇಕೆಂಬ ಕಟ್ಟುನಿಟ್ಟು ಬಂತು. ಮನೆಮಾತು ಆಡಿದ ಮಕ್ಕಳಿಗೆ ದಂಡ, ಶಿಕ್ಷೆ. 1988ರ ಡಿಸೆಂಬರಿನಲ್ಲಿ ಸಾವಿರಾರು ಹಕ್ಕಾ ಜನ 'ನಮ್ಮ ತಾಯ್ನುಡಿಯನ್ನು ಹಿಂದಿರುಗಿಸಿ' ಎಂದು ತೈಪೆಯ ಬೀದಿಗಿಳಿದರು. 2001ರಲ್ಲಿ ಸರಕಾರ ಹಕ್ಕಾ ವ್ಯವಹಾರಗಳಿಗೆಂದೇ ಮಂಡಳಿ ರಚಿಸಿತು, 2003ರಲ್ಲಿ ಹಕ್ಕಾ ದೂರದರ್ಶನ ವಾಹಿನಿ ಬಂತು, 2010ರಲ್ಲಿ ಶಾಸನ ಬಂತು, 2018ರ ಆರಂಭದಲ್ಲಿ ಅದರ ತಿದ್ದುಪಡಿಯಿಂದ ಹಕ್ಕಾ ರಾಷ್ಟ್ರಭಾಷೆಗಳಲ್ಲಿ ಒಂದೆನಿಸಿತು. ಬೇಯ್‌ಪು ಎಂಬ ಹಳ್ಳಿಯಲ್ಲಿ 1990ರ ದಶಕದ ಕೊನೆಯಿಂದ ಪ್ರವಾಸಿಗರಿಗೆ ಲೇಯ್ ಚಾ ಅರೆಯಲು ಕಲಿಸುವ ಅಂಗಡಿಗಳು ಸಾಲುಗಟ್ಟಿದವು. ಆದರೂ ಎಳೆಯರಲ್ಲಿ ಭಾಷೆ ಇಳಿಮುಖವಾಗಿಯೇ ಸಾಗಿದೆ. ಅಡುಗೆ, ಅಂಗಿ, ಚಹಾಗಳನ್ನು ಅಂಗಡಿಯಲ್ಲಿ ಮಾರಬಹುದು, ಆದ್ದರಿಂದ ಅವು ಉಳಿಯುತ್ತವೆ. ಕೈಯ ಕಸುಬು ಒಬ್ಬನೇ ಇದ್ದರೂ ಉಳಿಯುತ್ತದೆ. ಮಾತು ಮಾತ್ರ ಉಳಿಯಬೇಕಾದರೆ ಇಬ್ಬರು ಬೇಕು, ಆಡುವವನೊಬ್ಬ, ಕೇಳುವವನೊಬ್ಬ. ಟಾಂಗ್ರಾದ ನೂಡಲ್ಸಿನ ಮಾತನ್ನು ನೆನಪಿಡಿರೆಂದು ಕೇಳಿದ್ದು ಇದಕ್ಕಾಗಿ.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಗುಂಡ್ಲುಪೇಟೆ, ಬಂಡೀಪುರಗಳ ದಾರಿಯಾಗಿ ನಾವೆಲ್ಲ ಊಟಿಗೆ ಹೋದವರೇ. ಅಲ್ಲಿನ ಚಹಾ ತೋಟಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡವರೇ. ಆ ತೋಟಗಳಲ್ಲಿ ಎಷ್ಟೋ ಸಣ್ಣ ಹಿಡುವಳಿಗಳು ಬಡಗರವು. ಬಡಗರು ಎಂದರೆ ಬಡಗಣ ದಿಕ್ಕಿನಿಂದ ಬಂದವರು. ವಿಜಯನಗರದ ಪತನದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ನೀಲಗಿರಿಗೆ ಏರಿದವರೆಂದು ಅವರ ಐತಿಹ್ಯ. ಅವರ ಹೆಸರೂ ಹಕ್ಕಾ ಹೆಸರಿನಂತೆ ವಲಸೆಯ ಗುರುತೇ. ತೋಡರು, ಕೋತರು, ಕುರುಂಬರ ನೆರೆಯಲ್ಲಿ ನೆಲೆಸಿ, ರಾಗಿ, ಸಾಮೆ ಬೆಳೆದು, ಬ್ರಿಟಿಷರು ಬಂದ ಮೇಲೆ ಆಲೂಗಡ್ಡೆ, ಬಳಿಕ ಚಹಾಕ್ಕೆ ತಿರುಗಿದರು. ಅವರ ಊರುಗಳು ಇಂದಿಗೂ ಹಟ್ಟಿಗಳು. ಅವರು ಪೂಜಿಸುವ ಮೂಲಮಾತೆ ಹೆತ್ತೆ. ಬೇರಗಣಿಯಲ್ಲಿ ನಡೆಯುವ ಹೆತ್ತೆ ಹಬ್ಬಕ್ಕೆ ದೂರದ ಊರುಗಳಿಂದ ಬಿಳಿಯುಟ್ಟು ಜನ ಸೇರುತ್ತಾರೆ. ಹಟ್ಟಿ, ಹೆತ್ತೆ, ಹಬ್ಬ, ಈ ಪದಗಳನ್ನು ಕೇಳಿದ ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಲಿಪಿಯ ಬಲವಿಲ್ಲ, ರಾಜ್ಯದ ಬಲವಿಲ್ಲ. ಆದರೂ ನಾನೂರು ವರ್ಷಗಳ ಮೇಲೆಯೂ ಬಡಗು ಮಾತು ಜೀವಂತವಾಗಿದೆ. ಕಾರಣ ಸರಳ: ಹಟ್ಟಿಯಲ್ಲಿ ಅದನ್ನು ಕೇಳುವವರಿದ್ದಾರೆ.

ಮಾಕಿನೊಹಾರದ ಸಮುರಾಯ್‌ಗಳು ಕತ್ತಿ ಬಿಟ್ಟು ಗುದ್ದಲಿ ಹಿಡಿದರೂ ಮಾತು ಬದಲಿಸಬೇಕಾಗಿರಲಿಲ್ಲ. ಬೆಟ್ಟ ಹೊಸದು, ಭಾಷೆ ಹಳೆಯದೇ. ಹಕ್ಕಾ ಜನರಿಗೆ ಮಣ್ಣಿನ ಕೋಟೆಗಳಿದ್ದವು, ಬಡಗರಿಗೆ ಹಟ್ಟಿಗಳಿವೆ. ನಮಗೆ ಇವೆರಡೂ ಇಲ್ಲ. ಒಬ್ಬೊಬ್ಬರ ಮನೆ ಒಂದೊಂದು ದಿಕ್ಕಿಗೆ, ನಡುವೆ ಹೆದ್ದಾರಿ. ಈ ದೃಷ್ಟಿಯಿಂದ ನೋಡಿದರೆ ಯುಗಾದಿ, ರಾಜ್ಯೋತ್ಸವಗಳಿಗೆ ನಾವು ಸೇರುವ ಈ ಕೂಟವೇ ನಮ್ಮ ಹಟ್ಟಿ. ಆದರೆ ಹಟ್ಟಿಯಲ್ಲಿ ವರ್ಷಕ್ಕೆ ನಾಲ್ಕು ದಿನ ಮಾತ್ರ ಮಾತಾಡಿದರೆ ಸಾಲದು. ಇಲ್ಲಿ ಬಿಸಿಬೇಳೆಭಾತು ತಪ್ಪದೆ ಉಳಿಯುತ್ತದೆ, ಮಕ್ಕಳ ಕೋಲಾಟ, ಭರತನಾಟ್ಯಗಳೂ ಉಳಿಯುತ್ತವೆ. ಅವುಗಳ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಅಡುಗೆಮನೆಯ ಮಾತಿನ ಬಗ್ಗೆ.

ಭಾಷಾಭಿಮಾನದ ಮಾತು ತಾವು ಬೇಕಾದಷ್ಟು ಕೇಳಿದ್ದೀರಿ. ನಾನು ವೈದ್ಯನಾಗಿ ಹೇಳುವುದು ವೃದ್ಧಾಪ್ಯದ ಮಾತು. ನಮ್ಮಲ್ಲಿ ಅನೇಕರು ಐವತ್ತು, ಅರವತ್ತು ದಾಟಿದ್ದೇವೆ. ನಮ್ಮ ಪೈಕಿ ಕೆಲವರ ಕೊನೆಯ ದಿನಗಳು ಈ ದೇಶದ ವೃದ್ಧಾಶ್ರಮಗಳಲ್ಲಿ ಕಳೆಯಲಿವೆ. ಅಂದು ಇಂಗ್ಲಿಷ್ ಕಳಚಿ ಬಿದ್ದು ಕನ್ನಡವೊಂದೇ ಉಳಿದರೆ, 'ಸಂಕಟವಾಗುತ್ತಿದೆ' ಎಂಬುದನ್ನು ಯಾರು ತಿಳಿಯುತ್ತಾರೆ? ಸೆಳೆತ, ಚುಚ್ಚು, ಉರಿ, ಜೋಮು, ಎದೆ ಹಿಡಿದ ಹಾಗೆ, ಇವೆಲ್ಲ ಬೇರೆ ಬೇರೆ ನೋವುಗಳು, ಬೇರೆ ಬೇರೆ ಕಾಯಿಲೆಗಳ ಸೂಚನೆಗಳು. ಅವುಗಳ ವ್ಯತ್ಯಾಸ ತಿಳಿಯದಿದ್ದರೆ ಎಷ್ಟು ಯಂತ್ರಗಳಿದ್ದರೂ ವೈದ್ಯನ ಅರ್ಧ ಕಣ್ಣು ಮುಚ್ಚಿದಂತೆ.

ಆದ್ದರಿಂದ ಕೂಟದ ಮುಂದೆ ಮೂರು ಸಣ್ಣ ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ನೀರು, ಹಸಿವು, ಚಳಿ, ಶೌಚ, ಭಯ ಮತ್ತು ಬಗೆಬಗೆಯ ನೋವುಗಳಿಗೆ ನಾವಾಡುವ ನಲವತ್ತೈವತ್ತು ಕನ್ನಡ ಪದಗಳನ್ನು ಇಲ್ಲಿನ ದಾದಿಯರು ಓದಬಲ್ಲ ಲಿಪಿಯಲ್ಲಿ, ಅರ್ಥ ಸಹಿತ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸೋಣ. ಪ್ರತಿ ಹಿರಿಯರ ವೈದ್ಯಕೀಯ ಕಡತದಲ್ಲಿ ಅದೊಂದು ಪ್ರತಿಯಿರಲಿ. ಎರಡನೆಯದು, ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿರುವ ಕನ್ನಡ ಹಿರಿಯರ ಬಳಿ ವಾರಕ್ಕೊಂದು ಗಂಟೆ ಕುಳಿತು ಕನ್ನಡದಲ್ಲಿ ಮಾತಾಡಬಲ್ಲ ಸ್ವಯಂಸೇವಕರ ಪಟ್ಟಿಯೊಂದನ್ನು ಸಿದ್ಧಪಡಿಸೋಣ. ಅದರಲ್ಲಿ ಕಾಲೇಜು ಮಕ್ಕಳೂ ಇರಲಿ. ಮೂರನೆಯದು, ಮನೆಯಲ್ಲಿ ಮಕ್ಕಳಿಗೆ ಕನ್ನಡದ ಪಾಠ ಹೇಳುವುದಕ್ಕಿಂತ ಕನ್ನಡದಲ್ಲಿ ಕೆಲಸ ಹೇಳೋಣ. ತಟ್ಟೆ ಹಾಕು, ಉಪ್ಪು ಕೊಡು, ಅಜ್ಜಿಗೆ ಫೋನು ಮಾಡು. ಮಕ್ಕಳು ತಪ್ಪು ಆಡಿದರೆ ನಗದಿರೋಣ; ನಕ್ಕ ದಿನವೇ ಮಗು ಬಾಯಿ ಮುಚ್ಚುತ್ತದೆ.

ಇಲ್ಲಿರುವ ಮಕ್ಕಳಿಗೆ ಒಂದು ಮಾತು. ಕನ್ನಡ ಕಲಿತರೆ ನಿಮಗೆ ಇಲ್ಲಿ ಉದ್ಯೋಗದ ಲಾಭವೇನೂ ಸಿಗಲಾರದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ದಿನ ನಿಮ್ಮ ಅಮ್ಮನೋ ಅಪ್ಪನೋ ನಿಮ್ಮ ಮುಖ ನೋಡಿ ಏನನ್ನೋ ಕೇಳುತ್ತಾರೆ. ಆಗ ಅದು ನಿಮಗೆ ಅರ್ಥವಾಗಲಿ ಎಂಬುದಷ್ಟೇ ನನ್ನ ಹಾರೈಕೆ.